ವಿಮೆಯ ಪತ್ರ ನಿಮ್ಮ ಕೈ ಸೇರಿದ ಮೇಲೆಯೇ ಮರಕ್ಕೆ ಹಗ್ಗ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಕಿನಿಂದ, ಮರ ಕಡಿಯುವ ನಮ್ಮ ತಂಡದ ಹೊಣೆಗಾರಿಕೆ ವಿಮೆಯ (ಕೆಲಸದಲ್ಲಿ ಬೇರೆಯವರಿಗೆ ಆದ ಹಾನಿಯನ್ನು ತುಂಬಿಕೊಡುವ ವಿಮೆ) ಪ್ರಮಾಣಪತ್ರ ನಿಮ್ಮ ಕೈ ಸೇರುವ ತನಕ ನಮ್ಮ ಹುಡುಗರು ನಿಮ್ಮ ಮರ ಹತ್ತುವುದಿಲ್ಲ. ಆ ಪತ್ರವನ್ನು ನಾವು ಕೊಡುವುದಿಲ್ಲ, ವಿಮಾ ಕಂಪನಿಯೇ ನೇರವಾಗಿ ನಿಮಗೆ ಕಳಿಸುತ್ತದೆ. ಇದರಿಂದ ಕೆಲಸ ಎರಡು ಮೂರು ದಿನ ತಡವಾದೀತು, ಬೇಸರ ಮಾಡಿಕೊಳ್ಳಬೇಡಿ.

ಕಾರಣ ಮುಚ್ಚಿಡುವಂಥದ್ದಲ್ಲ. ಹೋದ ವರ್ಷ ಕೆಲಸ ಮೈಮೇಲೆ ಬಿದ್ದಿದ್ದಾಗ ಹೊರಗಿನ ತಂಡವೊಂದನ್ನು ಕರೆಸಿದ್ದೆವು. ದೊಡ್ಡ ಕೊಂಬೆಯನ್ನು ಹಗ್ಗದಲ್ಲಿ ಇಳಿಸುವಾಗ ಅದು ಜೋಲಿ ಹೊಡೆದು ಪಕ್ಕದ ಮನೆಯ ಚಾವಣಿ ಮೂಲೆಗೆ ಬಡಿಯಿತು. ಆ ತಂಡದವರು ವಿಮೆ ಪತ್ರದ ಜೆರಾಕ್ಸ್ ತೋರಿಸಿದ್ದರು, ನಾವೂ ನಂಬಿದ್ದೆವು. ಕ್ಲೇಮ್ ಹಾಕಿದಾಗ ಗೊತ್ತಾಯಿತು: ಆ ಪಾಲಿಸಿ ಹುಲ್ಲು ಕತ್ತರಿಸುವ, ಗಿಡ ನೋಡಿಕೊಳ್ಳುವ ಕೆಲಸಕ್ಕೆ ಮಾತ್ರ. ಎತ್ತರಕ್ಕೆ ಹತ್ತಿ ಮರ ಕಡಿಯುವುದನ್ನು ಅದರಲ್ಲಿ ಹೊರಗಿಟ್ಟಿದ್ದರು. ದುಡ್ಡು ನಾವೇ ಕಟ್ಟಿದೆವು. ಆದರೆ ನೆರೆಯವರು ಬಂದು ಬಾಗಿಲು ಬಡಿದದ್ದು ನಮ್ಮ ಗ್ರಾಹಕರ ಮನೆಯದು.

ಹಾಗಾಗಿ ಪತ್ರ ಬಂದಾಗ ಸುಮ್ಮನೆ ಎತ್ತಿಡಬೇಡಿ, ಓದಿ. ನಮ್ಮ ಹೆಸರು ಸರಿಯಾಗಿದೆಯೇ, ಅವಧಿ ಮುಗಿದಿಲ್ಲವೇ, ಮರ ಕಡಿಯುವ ಕೆಲಸವೆಂದು ಬರೆದಿದೆಯೇ, ಎಷ್ಟು ಮೊತ್ತದವರೆಗೆ ರಕ್ಷಣೆಯಿದೆ ಎಂದು ನೋಡಿ. ಪಾಲಿಸಿಯಲ್ಲಿ ಅವಕಾಶವಿದ್ದರೆ ನಿಮ್ಮ ಹೆಸರನ್ನೂ ವಿಮೆಯ ರಕ್ಷಣೆಯೊಳಗೆ ಸೇರಿಸುತ್ತೇವೆ.

ಇನ್ನೊಂದು ವಿಮೆಯನ್ನು ಯಾರೂ ಕೇಳುವುದೇ ಇಲ್ಲ, ಕೆಲಸಗಾರರದ್ದು. ಹೊಣೆಗಾರಿಕೆ ವಿಮೆ ಬೇರೆಯವರ ಆಸ್ತಿಗೆ, ಬೇರೆಯವರ ಮೈಗೆ ಆದ ಹಾನಿಯನ್ನು ನೋಡಿಕೊಳ್ಳುತ್ತದೆ. ಮರದ ಮೇಲಿದ್ದ ನಮ್ಮ ಹುಡುಗನೇ ಜಾರಿ ಬಿದ್ದರೆ ಸಾಮಾನ್ಯವಾಗಿ ಅದು ಒದಗುವುದಿಲ್ಲ. ಕೆಲಸಗಾರರ ವಿಮೆ ಇಲ್ಲದವರನ್ನು ಕೆಲಸಕ್ಕೆ ಕರೆದರೆ ಪರಿಹಾರದ ಬೇಡಿಕೆ ಮನೆ ಮಾಲೀಕರ ತಲೆಗೂ ಬರಬಹುದು. ಇನ್ನು ಮುಂದೆ ಎರಡೂ ಪತ್ರ ಒಟ್ಟಿಗೆ ಬರುತ್ತವೆ. ಕ್ರೇನಿನವರು ಬಂದರೆ ಅವರದ್ದೂ.

ಎಲ್ಲಕ್ಕೂ ನಮ್ಮ ವಿಮೆಯೇ ಸಾಕು ಎಂದುಕೊಳ್ಳಬೇಡಿ. ನಾವು ಮುಟ್ಟದ ಟೊಳ್ಳು ಮರ ಗಾಳಿಗೆ ಬಿದ್ದರೆ ಅದು ನಿಮ್ಮ ಮನೆ ವಿಮೆಯ ವಿಚಾರ. ಕಡಿಯುವುದೇ ಒಳ್ಳೆಯದೆಂದು ನಾವು ಹೇಳಿ, ನೀವು ಬೇಡವೆಂದರೆ, ಅದನ್ನು ಬರೆದು ಇಬ್ಬರೂ ಸಹಿ ಹಾಕೋಣ. ಬುಡ ಕೀಳಿಸುವವರು ನೆಲದಡಿಯ ಪೈಪು, ಕೇಬಲ್ ಎಲ್ಲಿವೆ ಎಂದು ಮೊದಲೇ ತಿಳಿಸಿ.

ಬಿರುಗಾಳಿಗೆ ಬಿದ್ದ ಮರದ ತುರ್ತು ಕೆಲಸಕ್ಕೂ ಇದೇ ನಿಯಮ. ಆಗ ಪತ್ರದ ಪ್ರತಿ ಮೊಬೈಲಿಗೆ ಬಂದರೂ ಸಾಕು. ಈಗಾಗಲೇ ದಿನ ಗೊತ್ತುಮಾಡಿಕೊಂಡವರಿಗೆ ಈ ವಾರ ನಾವೇ ಫೋನ್ ಮಾಡುತ್ತೇವೆ.

ಇಂತಿ ನಿಮ್ಮ,
ಮರ ಆರೈಕೆ ತಂಡದ ಪರವಾಗಿ