ಭಾನುವಾರದ ಚರ್ಚೆ: ನೀರಿನ ಗೋಪುರ ಕಟ್ಟಿದ ಕಂಪನಿ

ಸದಸ್ಯರೆಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ನಾವು ಮಾತನಾಡುವುದು ಅಮೆರಿಕದ ಶಿಕಾಗೊ ಬ್ರಿಡ್ಜ್ ಅಂಡ್ ಐರನ್ ಕಂಪನಿಯ ಬಗ್ಗೆ. ಹೆಸರಿನಲ್ಲಿ ಸೇತುವೆಯಿದೆ, ನಿಜ. 1889ರಲ್ಲಿ ಅದನ್ನು ಸ್ಥಾಪಿಸಿದ ಹೊರೇಸ್ ಹಾರ್ಟನ್ ಸೇತುವೆಗಳ ಎಂಜಿನಿಯರೇ. ಆದರೆ ಅದರ ಹೆಸರು ಉಳಿದಿರುವುದು ಉಕ್ಕಿನ ಟ್ಯಾಂಕುಗಳಿಂದ.

ನನಗೆ ಬಹಳ ಇಷ್ಟವಾದದ್ದು ಟ್ಯಾಂಕಿನ ತಳದ ಕಥೆ. ಚಪ್ಪಟೆ ತಳಕ್ಕೆ ಕೆಳಗಿನಿಂದ ತೊಲೆಗಳ ಆಸರೆ ಬೇಕು. ಅರ್ಧಗೋಳದ ತಳಕ್ಕೆ ಬೇಡ: ಉಕ್ಕಿನ ಹಾಳೆಯೇ ಬಿಗಿದು ನಿಂತು ನೀರಿನ ಭಾರವನ್ನು ಅಂಚಿಗೆ, ಅಲ್ಲಿಂದ ಕಂಬಗಳಿಗೆ ಸಾಗಿಸುತ್ತದೆ. 1890ರ ದಶಕದಲ್ಲಿಯೇ ಅಯೋವಾದ ಫೋರ್ಟ್ ಡಾಡ್ಜ್‌ನಲ್ಲಿ ಈ ಕಂಪನಿ ಅಂಥ ಟ್ಯಾಂಕನ್ನು ನಿಲ್ಲಿಸಿತು. 1923ರಲ್ಲಿ ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ನಲ್ಲಿ ಪೂರ್ಣ ಗೋಳವನ್ನೇ ಕಟ್ಟಿತು. ಅದೇ ವ್ಯಾಸ, ಅದೇ ದಪ್ಪ, ಒಳಗೆ ಅದೇ ಒತ್ತಡವಿದ್ದರೆ ಗೋಳದ ಗೋಡೆ ತಾಳಬೇಕಾದ ಎಳೆತ ಸಿಲಿಂಡರಿನ ಗೋಡೆಯದರ ಅರ್ಧ ಮಾತ್ರ. ಎಷ್ಟು ಸೊಗಸಾದ ಲೆಕ್ಕ! ನಮ್ಮ ಅಡುಗೆ ಅನಿಲ ಘಟಕಗಳಲ್ಲಿ ಕಾಣುವ ದೊಡ್ಡ ಗೋಳಗಳನ್ನು ಎಂಜಿನಿಯರುಗಳು ಇಂದಿಗೂ ಹಾರ್ಟನ್ ಹೆಸರಿನಿಂದಲೇ ಕರೆಯುತ್ತಾರೆ.

2018ರಲ್ಲಿ ಕಂಪನಿ ಮೆಕ್‌ಡರ್ಮಟ್ ಎಂಬ ಇನ್ನೊಂದು ಎಂಜಿನಿಯರಿಂಗ್ ಕಂಪನಿಯ ಜೊತೆ ವಿಲೀನವಾಯಿತು. ವ್ಯವಹಾರದ ಆ ಭಾಗಕ್ಕೆ ಐದು ನಿಮಿಷ ಸಾಕು.

ಒಂದು ಕೋರಿಕೆ. ನಿಮ್ಮ ಊರಿನ ಓವರ್‌ಹೆಡ್ ಟ್ಯಾಂಕಿನ ಚಿತ್ರವನ್ನು, ತಳ ಸ್ಪಷ್ಟವಾಗಿ ಕಾಣುವಂತೆ ತೆಗೆದು, ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಎತ್ತರವನ್ನೂ ಅಂದಾಜಿಸಿ ಬರೆಯಿರಿ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ. ನಿಮ್ಮ ಮನೆಯ ನಲ್ಲಿಗೆ ಎಷ್ಟು ಸಿಗಬೇಕೆಂದು ಒಟ್ಟಿಗೆ ಲೆಕ್ಕ ಹಾಕೋಣ.