ಅಮಲ್ದಾರ ಕಚ್ಚಿದ ಸಂಗತಿ

ಪ್ರಿಯ ಸೀನ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬಲಗೈಗೆ ಗಾಯವಾಗಿತ್ತು, ಅದಕ್ಕೇ ಬರೆಯಲಿಲ್ಲ ಎಂದರೆ ನೀನು ತಕ್ಷಣ ಶಾಮಣ್ಣ ಮೇಷ್ಟ್ರ ಕೊಡೆಯನ್ನು, ನನ್ನ ಆ ಹಳೆಯ ನೆಪವನ್ನು, ಎತ್ತುತ್ತೀಯೆ. ಎತ್ತು. ಆದರೆ ಈ ಸಲ ಗಾಯ ನಿಜವಾದದ್ದು. ನಾಯಿ ಕಚ್ಚಿತು.

ಅದೂ ಬೇರೆ ಯಾವ ನಾಯಿಯೂ ಅಲ್ಲ, ನಮ್ಮ ಅಮಲ್ದಾರ. (ಪಕ್ಕದಲ್ಲಿ ನಿಂತು ಈ ಪತ್ರ ಓದುತ್ತಿರುವವರಿಗೆ: ಅಮಲ್ದಾರನೆಂದರೆ ನಮ್ಮ ಬೀದಿಯ ಕಂದು ನಾಯಿ. ಬೆಳಿಗ್ಗೆ ಆರಕ್ಕೆ ಒಂದೊಂದು ಗೇಟಿನ ಮುಂದೆಯೂ ನಿಂತು, ಮೂಸಿ, ಕಡತಕ್ಕೆ ಸಹಿ ಹಾಕಿದಂತೆ ಕಾಲೆತ್ತಿ ಮುಂದಿನ ಗೇಟಿಗೆ ಹೋಗುತ್ತಾನೆ. ಆ ಗತ್ತಿಗೆ ಬೇರೆ ಹೆಸರು ಒಪ್ಪುವುದಿಲ್ಲ.) ಆರು ವರ್ಷದಿಂದ ನನ್ನ ಕೈಯ ಅನ್ನ ತಿಂದವನು. ನಿಮ್ಮ ಜರ್ಮನಿಯಲ್ಲಿ ನಾಯಿ ಸಾಕಿದರೆ ತೆರಿಗೆ ಕಟ್ಟಬೇಕು, ಬೀದಿನಾಯಿ ಎಂಬುದನ್ನು ಮಕ್ಕಳಿಗೆ ವಿವರಿಸುವುದೇ ಕಷ್ಟ ಎಂದು ಬರೆದಿದ್ದೆಯಲ್ಲ, ಇಲ್ಲಿ ವಿವರಣೆ ಬೇಕಿಲ್ಲ. ಹೆಬ್ಬೆರಳ ಬುಡದಲ್ಲಿ ಎರಡು ತೂತುಗಳಿವೆ.

ಕಚ್ಚಿದ್ದಕ್ಕೆ ಕಾರಣ ನಾನೇ. ಅವನ ಜೊತೆ ಒಂದು ಫೋಟೋ ಬೇಕಿತ್ತು. ಅದರ ಕೆಳಗೆ ಹಾಕುವ ಸಾಲು ಹಿಂದಿನ ರಾತ್ರಿಯೇ ಸಿದ್ಧವಾಗಿತ್ತು: ‘ಪ್ರೀತಿಗೆ ಸರಪಳಿ ಬೇಕಿಲ್ಲ.’ ಆ ಸಾಲಿಗೆ ತಕ್ಕ ಚಿತ್ರ ಸಿಗಲೆಂದು ಬಲಗೈಯಲ್ಲಿ ಅವನ ಕುತ್ತಿಗೆಯನ್ನು ಬಿಗಿಯಾಗಿ ಅಪ್ಪಿ, ಎಡಗೈಯಲ್ಲಿ ಮೊಬೈಲ್ ಹಿಡಿದೆ. ಒಮ್ಮೆ ಗುರ್ ಎಂದ. ಬೆಳಕು ಸರಿಯಿಲ್ಲವೆಂದು ನಾನು ಸ್ವಲ್ಪ ತಿರುಗಿಸಿದೆ. ಇನ್ನೊಮ್ಮೆ ಗುರ್ ಎಂದ. ಮೂರನೆಯ ಸಲ ಮಾತಾಡಲಿಲ್ಲ. ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಇಪ್ಪತ್ತೈದು ವರ್ಷ ನಿನ್ನ ತಲೆ ತಿಂದವನಿಗೆ ಬೇಡ ಎನ್ನುವುದನ್ನು ಒಂದು ನಾಯಿ ಎರಡು ಸಲ ಹೇಳಿದರೂ ಕೇಳಿಸಲಿಲ್ಲ. ಫೋಟೋ ಮಾತ್ರ ಚೆನ್ನಾಗಿ ಬಂದಿದೆ. ಕಳಿಸುವುದಿಲ್ಲ.

ಮುಂದಿನದ್ದನ್ನೆಲ್ಲ ಪುಸ್ತಕದಲ್ಲಿರುವಂತೆಯೇ ಮಾಡಿದೆ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದೆ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದೆ. ರಕ್ತ ಬಂದ ಗಾಯವಾದ್ದರಿಂದ ಗಾಯದೊಳಕ್ಕೇ ಸೀರಮ್ (ರೋಗಾಣುವನ್ನು ಅಲ್ಲೇ ತಡೆಯುವ ಮದ್ದು) ತುಂಬಿದರು. ಅದು ಕುದುರೆಯ ರಕ್ತದಿಂದ ತೆಗೆದದ್ದು. ಆಮೇಲೆ ಎರಡೂ ತೋಳುಗಳ ಚರ್ಮದ ಪದರದೊಳಗೇ ಒಂದೊಂದು ಹನಿ ರೇಬೀಸ್ ಲಸಿಕೆ. ಅಂದು ಒಂದು ಸಲ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ. ನಾಲ್ಕೇ ಸಲ ಬಂದರೆ ಸಾಕು ಎಂದು ನರ್ಸಮ್ಮ ಬಸ್ ಪಾಸಿನಂಥ ಒಂದು ಚೀಟಿ ಕೊಟ್ಟರು.

ನನ್ನ ತಂದೆಯನ್ನು ಕಚ್ಚಿದ್ದು ನೆನಪಿದೆಯೆ? ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚು. ಅವರು ಆ ಹದಿನಾಲ್ಕನ್ನು ಯುದ್ಧದ ಪದಕಗಳಂತೆ ಜೀವನವಿಡೀ ಎಣಿಸಿ ತೋರಿಸುತ್ತಿದ್ದರು. ಆ ಲಸಿಕೆ ಕುರಿಯ ಮಿದುಳಿನಿಂದ ಆಗುತ್ತಿತ್ತು. ಆ ಸೀಸೆಗಳ ಹಿಂದೆ ಕುರಿಗಳಿರುತ್ತಿದ್ದವು, ಕೆಲವೊಮ್ಮೆ ಚುಚ್ಚಿಸಿಕೊಂಡವರಿಗೇ ಲಕ್ವ ಹೊಡೆಯುತ್ತಿತ್ತು. ನಮ್ಮ ದೇಶದಲ್ಲಿ ಅದು ನಿಂತದ್ದು 2005ರ ಹೊತ್ತಿಗೆ. ಅದಕ್ಕೂ ಹಿಂದೆ ಹೋದರೆ 1885ರ ಜುಲೈ 6ರಂದು ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಕೊಡಿಸಿದ ಮೊದಲ ಚುಚ್ಚು. ಅದು ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು. ಹುಡುಗನಿಗೂ ಮುಂಚೆ ಅದನ್ನು ಪರೀಕ್ಷಿಸಿದ್ದು ನಾಯಿಗಳ ಮೇಲೆ. ನಾಯಿ ಕಚ್ಚಿದವರನ್ನು ಬದುಕಿಸಲು ಎಷ್ಟು ನಾಯಿಗಳು ಹೋದವೋ! ಪ್ರಾಣಿಗಳ ಮೇಲೆ ಪ್ರಯೋಗ ಬೇಡವೆಂದು ಕಾಲೇಜಿನ ಮುಂದೆ ಫಲಕ ಹಿಡಿದು ನಿಂತವನು ನಾನು. (ನೀನು ಮಸಾಲೆಪುರಿ ತಿನ್ನಲು ಹೋಗಿದ್ದೆ.) ಆ ಫಲಕವನ್ನು ಈಗ ಹಿಡಿಯುವುದಾದರೆ ಯಾವ ಕೈಯಲ್ಲಿ ಹಿಡಿಯಲಿ? ಕುದುರೆ ಇರುವ ಕೈಯಲ್ಲೋ, ಇನ್ನೊಂದರಲ್ಲೋ?

ಲಸಿಕೆಯ ಡಬ್ಬಿಯ ಮೇಲೆ ‘ವೆರೊ’ ಎಂದಿತ್ತು. ಮನೆಗೆ ಬಂದು ಹುಡುಕಿದೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳ ವಂಶವಂತೆ ಅದು, ಇಂದಿಗೂ ಬೆಳೆಯುತ್ತಲೇ ಇದೆ. ಎಸ್ಪೆರಾಂಟೊ ಭಾಷೆಯಲ್ಲಿ ‘ಹಸಿರು ಮೂತ್ರಪಿಂಡ’ ಎನ್ನುವುದನ್ನು ಚಿಕ್ಕದು ಮಾಡಿ ವೆರೊ ಎಂದರು. ಅದೇ ಭಾಷೆಯಲ್ಲಿ ವೆರೊ ಎಂದರೆ ಸತ್ಯ. ಬಾಗಿಲ ಸಂದಿಗೆ ಕೈ ಸಿಕ್ಕಿತೆಂದು ಹೆಂಡತಿಗೆ ಸುಳ್ಳು ಹೇಳಿ, ಎರಡೂ ತೋಳಿಗೆ ಸತ್ಯವನ್ನು ಚುಚ್ಚಿಸಿಕೊಂಡು ಬಂದಿದ್ದೆ ನಾನು.

ಹೌದು, ಸುಳ್ಳು ಹೇಳಿದೆ. ಅದಕ್ಕೆ ಹಿನ್ನೆಲೆ ಇದೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಕೇಂದ್ರಗಳಿಗೆ ಹಾಕಿ ಎಂದು 11ರಂದು ಹೇಳಿ, 22ರಂದು ಅದನ್ನು ತಿದ್ದಿತಲ್ಲ. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ಹುಚ್ಚು ಹಿಡಿದವನ್ನೂ ಮೈಮೇಲೆ ಬೀಳುವವನ್ನೂ ಬಿಡಬೇಡಿ. ಊಟ ಹಾಕುವುದಾದರೆ ಗೊತ್ತುಮಾಡಿದ ಜಾಗದಲ್ಲಿ ಹಾಕಿ ಎಂದಿತು. ಆ ಹನ್ನೊಂದು ದಿನಗಳಲ್ಲಿ ನಮ್ಮ ಬೀದಿ ಎರಡು ಪಕ್ಷವಾಯಿತು. ಬೆಂಗಳೂರಿನಲ್ಲಿ ಕುಳಿತು ದೆಹಲಿಯ ನಾಯಿಗಳಿಗಾಗಿ ಜಗಳವಾಡಿದೆವು. ಕೊನೆಗೆ ಒಂದು ಭಾನುವಾರ ಸಭೆ ಸೇರಿತು.

ಎದುರಾಳಿ ಮೂರನೆಯ ಮನೆಯ ರಾಯರು. ಏಕಾದಶಿ ತಪ್ಪಿಸದವರು, ರಾಹುಕಾಲದಲ್ಲಿ ಬ್ಯಾಂಕಿಗೂ ಹೋಗದವರು. ನಾನು, ನೀನು ಬಲ್ಲೆ, ನ್ಯಾಷನಲ್ ಕಾಲೇಜಿನಲ್ಲಿ ವಿಚಾರವಾದಿ ಎಚ್. ನರಸಿಂಹಯ್ಯನವರ ಮುಂದಿನ ಸಾಲಿನಲ್ಲಿ ಕುಳಿತು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬ ಅವರ ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡವನು. ಸಭೆಯಲ್ಲಿ ಏನಾಯಿತು ಕೇಳು. ರಾಯರು ಎದ್ದು ರೇಬೀಸ್ ವೈರಾಣು ನರದ ದಾರಿಯಲ್ಲಿ ಮಿದುಳಿಗೆ ಹೇಗೆ ಏರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ, ನಾಯಿಗೆ ಪ್ರತಿ ವರ್ಷವೂ ಲಸಿಕೆ ಹಾಕಿಸುತ್ತಿರಬೇಕು ಎಂದು ವಿವರಿಸಿದರು. ಒಂದು ಮಾತೂ ತಪ್ಪಿರಲಿಲ್ಲ. ನಾನು ಎದ್ದು ಕಾಲಭೈರವನ ವಾಹನದಿಂದ ಶುರುಮಾಡಿದೆ. ದತ್ತಾತ್ರೇಯನ ನಾಲ್ಕು ನಾಯಿಗಳು, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯ, ಎಲ್ಲವೂ ಬಂದವು. ಆತಕೂರಿನ ಶಾಸನವನ್ನಂತೂ ರಾಗವಾಗಿ ಹೇಳಿದೆ. ಕ್ರಿ.ಶ. 950ರ ಸುಮಾರು, ಮದ್ದೂರಿನ ಸೀಮೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ದೊರೆ ಬೇಕಾದ್ದು ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಕಾದಾಡಿ ಅದನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಗುಡಿಯ ಪೂಜಾರಿ) ಊಟ ಮಾಡಕೂಡದು ಎಂದು ಕಟ್ಟುಮಾಡಿದರು. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದ ಆ ಕಲ್ಲನ್ನು ನೀನೂ ನಾನೂ ಒಟ್ಟಿಗೇ ನೋಡಿದ್ದು.

ಕೊನೆಯ ಅಸ್ತ್ರವಾಗಿ ಸಂವಿಧಾನದ 51ಎ ವಿಧಿಯ ಪ್ರತಿ ಜೇಬಿನಲ್ಲಿತ್ತು. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳು. ಜಿ ಎಂದರೆ ಜೀವಿಗಳಲ್ಲಿ ಅನುಕಂಪ. ಅದರ ಪಕ್ಕದ ಮನೆಯೇ ಎಚ್, ವೈಜ್ಞಾನಿಕ ಮನೋಭಾವ. ಜಿ ಓದಿದೆ, ಚಪ್ಪಾಳೆ ಬಿತ್ತು, ಹಾಳೆ ಮಡಚಿ ಜೇಬಿಗಿಟ್ಟೆ.

ರಾಯರು ಕೂರುವ ಮುನ್ನ ಒಂದೇ ಮಾತು ಹೇಳಿದರು: “ನಿಮ್ಮ ದಯೆ ನಿಮ್ಮ ಗೇಟಿನೊಳಗೆ ಇರಲಿ, ಸ್ವಾಮಿ.” ಅನ್ನ ಹಾಕುವುದು ನನ್ನ ಸ್ವಾತಂತ್ರ್ಯವಾದರೆ, ಬೆಳಗಿನ ಜಾವ ಕೋಲಿಲ್ಲದೆ ನಡೆಯುವುದು ಅವರದ್ದು. ಆಗ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಆದರೂ ಸಭೆ ಗೆದ್ದೆ, ಹೇಗೆಂದರೆ ಎಲ್ಲರೆದುರು ಎದೆ ತಟ್ಟಿ ಹೇಳಿದೆ: “ನಮ್ಮ ಬೀದಿಯ ಒಂದೊಂದು ನಾಯಿಗೂ ಲಸಿಕೆಯಾಗಿದೆ. ನಾನು ಹೊಣೆ.”

ಅಮಲ್ದಾರನ ಕಿವಿಯ ತುದಿ ಕತ್ತರಿಸಿದೆ, ಸಂತಾನಹರಣವಾದದ್ದಕ್ಕೆ ಅದು ಗುರುತು. ಲಸಿಕೆಯೂ ಅಂದೇ ಆಗಿತ್ತು. ಆ ‘ಅಂದು’ ಯಾವಾಗ ಎಂದು ರಾಯರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ, ಸೀನ. ಆಮೇಲೆ ಪ್ರತಿ ವರ್ಷವೂ ‘ಈ ಭಾನುವಾರ ಹಾಕಿಸಿಬಿಡೋಣ’ ಎಂದುಕೊಂಡಿದ್ದೇನೆ. ಭಾನುವಾರಗಳಲ್ಲಿ ನಾನು ಏನು ಮಾಡುತ್ತೇನೆಂದು ನಿನಗೆ ಗೊತ್ತು.

ಹಾಗಾಗಿ ಕಚ್ಚಿದ್ದನ್ನು ಯಾರಿಗೂ ಹೇಳಲಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಲ್ಲಿಟ್ಟಿರಬೇಕು. ಹತ್ತನೆಯ ದಿನಕ್ಕೆ ಅದು ಗಟ್ಟಿಯಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ಅರ್ಥ. ದಿನಕ್ಕೆ ನಾಲ್ಕು ಸಲ ಹೊರಗೆ ಬಂದು ಅಮಲ್ದಾರನ ಮುಖ ನೋಡುತ್ತಿದ್ದೆ. ನೀರು ಕುಡಿದನೆ, ಬಾಲ ಆಡಿಸಿದನೆ, ಕಣ್ಣು ಕೆಂಪಗಿದೆಯೆ. ಮೊದಲ ದಿನ, ಎರಡನೆಯ ದಿನ, ಐದನೆಯ ದಿನ, ಎಲ್ಲ ಸರಿ. ಆರನೆಯ ದಿನ ಅಮಲ್ದಾರ ಇಲ್ಲ. ಏಳನೆಯ ದಿನವೂ ಇಲ್ಲ.

ಇನ್ನು ಮುಂದಿನದ್ದನ್ನು ಬರೆಯಬೇಕೆಂದುಕೊಂಡಿರಲಿಲ್ಲ.

ಎದುರು ಮನೆಯಲ್ಲಿ ಎಂಟು ವರ್ಷದ ಒಂದು ಹುಡುಗಿ ಇದೆ. ನೆಲ್ಲೂರಿನ ಕಡೆಯವರು. ಅವಳು ಅಮಲ್ದಾರನಿಗೆ ದಿನಾ ಸಂಜೆ ಬಿಸ್ಕತ್ತು ಕೊಡುತ್ತಾಳೆ, ಎಸೆಯುವುದಿಲ್ಲ, ಬಾಯೊಳಗೇ ಇಡುತ್ತಾಳೆ. ಅವನು ಅವಳ ಕೈಯೆಲ್ಲ ನೆಕ್ಕುತ್ತಾನೆ. ನನಗೆ ಮೊದಲ ಚುಚ್ಚಾದ ಸಂಜೆಯೂ ನೆಕ್ಕಿದ. ನಾನು ನನ್ನ ಗೇಟಿನಲ್ಲಿ ನಿಂತು ನೋಡಿದೆ. “ಅವನ ಮೈತುಂಬ ಉಣ್ಣೆಹುಳ ಇದೆಯಮ್ಮ, ಸ್ವಲ್ಪ ದಿನ ಮುಟ್ಟಬೇಡ” ಎಂದೆ. ಅಷ್ಟೇ. ಅವಳ ಬೆರಳಿನಲ್ಲಿ ಗಾಯವಿದೆಯೇ ಎಂದು ಕೇಳಲಿಲ್ಲ. ಅವಳ ಅಪ್ಪ ಸ್ಕೂಟರ್ ಒರೆಸುತ್ತ ಅಲ್ಲೇ ಇದ್ದರು, ಹತ್ತು ಹೆಜ್ಜೆ. ನನ್ನ ಮೈಗೆ ಬೇಕಾದ ವಿಜ್ಞಾನವನ್ನೆಲ್ಲ ಅರ್ಧ ಗಂಟೆಯೊಳಗೆ ಹುಡುಕಿಕೊಂಡು ಹೋದವನು, ಬೀದಿ ದಾಟಿ ಒಂದು ಮಾತು ಹೇಳಲು ಹೋಗಲಿಲ್ಲ. ಹೇಳಿದ್ದರೆ ರಾಯರಿಗೆ ತಿಳಿಯುತ್ತಿತ್ತು. ಅಮಲ್ದಾರನನ್ನು ಒಯ್ಯುತ್ತಿದ್ದರು ಎಂಬುದೂ ಒಂದು ಕಾರಣವೇ. ಆದರೆ ಅದು ಎರಡನೆಯ ಕಾರಣ.

ಏಳನೆಯ ದಿನ ಮಧ್ಯಾಹ್ನ ಹೆಂಡತಿ ಒಗೆಯಲು ಹಾಕುವ ಅಂಗಿಯ ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದಳು. ಬೈಯುತ್ತಾಳೆಂದು ಕಾದೆ. ಚೀಟಿಯನ್ನು ಪೂರ್ತಿ ಓದಿ ಮೇಜಿನ ಮೇಲಿಟ್ಟು, “ಎದುರು ಮನೆಯವರಿಗೆ ಹೇಳಿದಿರಾ?” ಎಂದಳು.

ಹೇಳಲು ಹೊರಟೆ. ನಿಜವಾಗಿಯೂ ಚಪ್ಪಲಿ ಮೆಟ್ಟಿ ಹೊರಟೆ. ಕಾಲು ಹೋದದ್ದು ಮಾತ್ರ ಬೀದಿಯ ಕೊನೆಯ ಮುನೇಶ್ವರನ ಗುಡಿಗೆ. ಕೈ ಮುಗಿದೆ, ಸೀನ. ಅಮಲ್ದಾರ ನೆಟ್ಟಗೆ ವಾಪಸು ಬಂದರೆ ಹನ್ನೊಂದು ಈಡುಗಾಯಿ ಒಡೆಯುತ್ತೇನೆ ಎಂದು ಹರಕೆ ಹೊತ್ತೆ. ಮುನೇಶ್ವರನಿಗೆ ನನ್ನ ಪರಿಚಯವಿಲ್ಲ. ಅವನ ಉತ್ಸವದ ಧ್ವನಿವರ್ಧಕದ ಮೇಲೆ ಎರಡು ಸಲ ದೂರು ಕೊಟ್ಟವನೆಂಬ ಪರಿಚಯ ಇದ್ದರೂ ಇರಬಹುದು. ಭಯಕ್ಕೆ ಬೇಡಿದೆನೋ, ಬೀದಿ ದಾಟುವುದಕ್ಕಿಂತ ಅದು ಸುಲಭವೆಂದು ಬೇಡಿದೆನೋ? ದೇವರ ಮುಂದೆ ನಿಂತರೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಎದುರು ಮನೆಯಾತ ಕೇಳುತ್ತಾರೆ.

ಒಂಬತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಅಮಲ್ದಾರ ಹಾಜರು. ಹೊಟ್ಟೆ ತಂಬೂರಿಯಾಗಿತ್ತು, ಬೆನ್ನ ಮೇಲೆ ಒಂದಿಷ್ಟು ಅಕ್ಷತೆ ಅಂಟಿತ್ತು. ಎರಡು ಬೀದಿಯಾಚೆಯ ಕಲ್ಯಾಣ ಮಂಟಪದಲ್ಲಿ ಬೆನ್ನಿಗೆ ಬೆನ್ನು ಎರಡು ಮದುವೆಗಳಂತೆ. ಬೀಗರೂಟ ಮುಗಿಸಿಕೊಂಡೇ ಬಂದಿದ್ದಾನೆ. ಗೇಟುಗಳಿಗೆಲ್ಲ ಬಾಕಿ ಸಹಿ ಹಾಕಿ ನನ್ನ ಮುಂದೆ ಬಂದು ಕುಳಿತ. ಫೋಟೋ ತೆಗೆಯಲಿಲ್ಲ. ಹತ್ತನೆಯ ದಿನ ದಾಟಿತು. ಹನ್ನೆರಡನೆಯ ದಿನ ಅವನಿಗೂ ಲಸಿಕೆ ಹಾಕಿಸಿದೆ. ಅಂದು ಬುಧವಾರ, ಗಮನಿಸು.

ಹುಡುಗಿ ಚೆನ್ನಾಗಿದ್ದಾಳೆ. ನಿನ್ನೆ ಸಂಜೆಯೂ ಬಿಸ್ಕತ್ತು ನಡೆಯಿತು.

ಈಡುಗಾಯಿ ಇನ್ನೂ ಒಡೆದಿಲ್ಲ. ತೆಂಗಿನಕಾಯಿಯ ಬೆಲೆ ನೀನು ಊರು ಬಿಟ್ಟಾಗಿನದಲ್ಲ. ಹನ್ನೊಂದು ಕಾಯಿಯ ದುಡ್ಡಿಗೆ ಅಮಲ್ದಾರನ ಮುಂದಿನ ವರ್ಷದ ಲಸಿಕೆ ಬರುತ್ತದೆ ಎಂದು ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದೆ. “ಹೊತ್ತದ್ದು ಕಾಯಿಯ ಹರಕೆ, ಲಸಿಕೆಯದ್ದಲ್ಲ” ಎಂದಳು. ನೀನು ಇಲ್ಲಿದ್ದಿದ್ದರೆ ನನ್ನ ಬದಲು ಒಡೆಯುತ್ತಿದ್ದೆ, ಹಳೆಯ ಸಾಲ ಹೇಗೂ ಇದೆ.

ಇಷ್ಟನ್ನು ಎಲ್ಲರೂ ಓದುವ ಜಾಗದಲ್ಲಿ ಏಕೆ ಹಾಕುತ್ತಿದ್ದೀಯೆ ಎಂದು ಕೇಳಬೇಡ. ರಾಯರ ಹತ್ತಿರ ಇನ್ನೂ ಗುಂಡಿಯ ಮೊಬೈಲ್. ಎದುರು ಮನೆಯವರಿಗೆ ಕನ್ನಡ ಓದಲು ಬರುವುದಿಲ್ಲ. ಹುಡುಗಿ ಮಾತ್ರ ಶಾಲೆಯಲ್ಲಿ ಕಲಿಯುತ್ತಿದ್ದಾಳೆ, ಸಂಜೆ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಕೂಡಿಸಿ ಕೂಡಿಸಿ ಓದುತ್ತ ಬರುತ್ತಾಳೆ. ಒತ್ತಕ್ಷರ ಇನ್ನೂ ತೊಡಕುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಕೊಡೆಯ ವಿಷಯ ಅವರಿಗೆ ಹೇಳಬೇಡ.

ಇತಿ ನಿನ್ನ,
ಬಾಗಿಲ ಸಂದಿಗೆ ಕೈ ಸಿಕ್ಕವನು