ಹೆತ್ತ ಕರುಳಿನ ಜೊತೆ ಕೂತವರಿಗೆ

ಪವಿತ್ರ ಶುಕ್ರವಾರ (ಗುಡ್ ಫ್ರೈಡೇ) ಶುರುವಾದ ದೇವಕರುಣೆಯ ನವದಿನ ಪ್ರಾರ್ಥನೆ ಶನಿವಾರ ಸಂಜೆಗೆ ಮುಗಿಯಿತು, ಭಾನುವಾರದ ಬಲಿಪೂಜೆಯೂ ಆಯಿತು. ಮುಂಬೈಯ ಧಾರಾವಿ, ಸಾಯನ್, ಮಾಹಿಮ್, ಕುರ್ಲಾದ ನಮ್ಮ ಕನ್ನಡ ಮನೆಗಳ ಪರವಾಗಿ ಈ ನಾಲ್ಕು ಮಾತು. ಈ ವರ್ಷದ ಜಪವನ್ನು ತಾಯಂದಿರಿಗಾಗಿ ಎಂದು ಮೊದಲೇ ಗೊತ್ತುಮಾಡಿದ್ದೆವು. ನಡುವೆ ನಮ್ಮವಳೊಬ್ಬಳ ಎಳೆಗೂಸು ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನಿಮಗೆಲ್ಲ ಗೊತ್ತಿದೆ, ಎಲ್ಲವನ್ನೂ ಮತ್ತೆ ಬರೆಯುವುದಿಲ್ಲ. ಬರೆದಿರುವಷ್ಟನ್ನು ಆ ತಾಯಿಗೆ ಓದಿ ಹೇಳಿ, ಆಕೆ ಹೂಂ ಅಂದ ಮೇಲೆಯೇ ಹಾಕುತ್ತಿದ್ದೇವೆ.

ಗಂಜಿ ಕಳಿಸಿದವರು, ರಕ್ತ ಕೊಟ್ಟವರು, ರಾತ್ರಿ ಆಟೋ ಓಡಿಸಿದವರು, ಹಾಲ್‌ನ ಬೀಗದ ಕೈ ಕೊಟ್ಟ ಧರ್ಮಕೇಂದ್ರದವರು, ಪಾಸ್ಕ (ಈಸ್ಟರ್) ಹಬ್ಬದ ಗಡಿಬಿಡಿಯಲ್ಲೂ ಪಾಪನಿವೇದನೆ ಕೇಳಿದ ಗುರುಗಳು, ಎಲ್ಲರಿಗೂ ಕೈಮುಗಿಯುತ್ತೇವೆ.

ಮಧ್ಯಾಹ್ನ ಮೂರಕ್ಕೆ ಕೆಲಸದ ಜಾಗದಿಂದಲೇ ಫೋನಿನಲ್ಲಿ ಸೇರಿಕೊಂಡವರಿಗೆ ಬೇರೆಯಾಗಿ ಒಂದು ಮಾತು ಹೇಳಬೇಕು. ಮೊದಲೆರಡು ದಿನ ಜಪ ಚೆಲ್ಲಾಪಿಲ್ಲಿಯಾಯಿತು. ಫೋನಿನಲ್ಲಿ ದನಿ ತಡವಾಗಿ ಮುಟ್ಟುವುದರಿಂದ ಮೂವತ್ತು ಜನ ಒಟ್ಟಿಗೆ ಉತ್ತರಿಸಿದರೆ ಲೆಕ್ಕ ನಿಲ್ಲುವುದಿಲ್ಲ. ಮೂರನೇ ದಿನದಿಂದ ಒಬ್ಬರು ಮುನ್ನಡೆಸಿ, ಒಬ್ಬರು ಉತ್ತರಿಸಿ, ಉಳಿದವರು ಮೈಕ್ ಮುಚ್ಚಿ ಮನೆಯಲ್ಲೇ ಹೇಳಿದ ಮೇಲೆ ಸರಿಹೋಯಿತು. ಇನ್ನೊಂದು ತೊಡಕು ಜಪಮಾಲೆಯ ಅಭ್ಯಾಸದ್ದು. ದೇವಕರುಣೆಯ ಜಪಕ್ಕೂ ಮಾಲೆ ಅದೇ ಆದರೂ ಮೊದಲ ಮೂರು ಸಣ್ಣ ಮಣಿಗಳಲ್ಲಿ ಮೂರು ನಮೋ ಮರಿಯಾ ಇಲ್ಲ. ಪರಲೋಕ ಮಂತ್ರ, ಒಂದು ನಮೋ ಮರಿಯಾ, ವಿಶ್ವಾಸ ಸಂಗ್ರಹ, ಇಷ್ಟೇ. ಹತ್ತು ಮಣಿ ಮುಗಿದಾಗ ತ್ರಿತ್ವ ಸ್ತೋತ್ರವೂ ಇಲ್ಲ, ನೇರವಾಗಿ ಮುಂದಿನ ದೊಡ್ಡ ಮಣಿಗೆ ಹೋಗಬೇಕು. 'ನಮ್ಮ ಮೇಲೂ ಅಖಿಲ ಲೋಕದ ಮೇಲೂ ದಯೆಯಿರಲಿ' ಎನ್ನುವುದು ಐವತ್ತು ಸಲ ಬರುತ್ತದೆ. ಓಡಿಸಿದರೆ ಐದು ನಿಮಿಷದಲ್ಲಿ ಮುಗಿದೀತು, ಆದರೆ ಉಸಿರು ಬಿಟ್ಟು ಹೇಳಿದರೆ ಎಂಟೋ ಹತ್ತೋ ನಿಮಿಷ ಬೇಕು. 1935ರಲ್ಲಿ ವಿಲ್ನಿಯಸ್‌ನಲ್ಲಿ ಪೋಲೆಂಡಿನ ಸನ್ಯಾಸಿನಿ ಸಂತ ಫೌಸ್ತಿನಾ ಬರೆದಿಟ್ಟ ಈ ಜಪವನ್ನು ಸಾಯುತ್ತಿರುವವರ ಹಾಸಿಗೆಯ ಬಳಿಯೂ ಹೇಳುತ್ತಾರೆ. ಅಲ್ಲಿ ಓಡಿಸುವ ಮನಸ್ಸು ಯಾರಿಗೂ ಬರುವುದಿಲ್ಲ.

ಇನ್ನು ಹುಬ್ಬಳ್ಳಿ ಅಜ್ಜಿ.

ಮಂಗಳವಾರ ರಾತ್ರಿ ಹನ್ನೊಂದರಿಂದ ಬೆಳಗಿನವರೆಗೆ ಆ ಕಾರಿಡಾರಿನಲ್ಲಿ ಇದ್ದವರು ಅವರೊಬ್ಬರೇ. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಬಹುಕಾಲ ದುಡಿದ ಜೀವ ಅದು. ಬಂದ ಕೂಡಲೇ ಜಪಮಾಲೆ ತೆಗೆಯಲಿಲ್ಲ. ಬಾಣಂತಿಗೆ ಬಿಸಿನೀರು ಕುಡಿಸಿದರು, ಕಾಲಿಗೆ ಶಾಲು ಸುತ್ತಿದರು. ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಒಳಗಿದ್ದ ಮಗುವಿಗೆ ಕೊಡಬೇಕಿತ್ತು. ಹೊತ್ತಿಗೆ ಸರಿಯಾಗಿ ಎಬ್ಬಿಸಿದರು, ಬಟ್ಟಲು ಕುದಿನೀರಲ್ಲಿ ತೊಳೆದರು. ಆಕೆ ಮಲಗಿದಾಗ ಮಾತ್ರ ಕಾಲ ಬುಡದಲ್ಲಿ ಕೂತು ತುಟಿ ಆಡಿಸುತ್ತಿದ್ದರು, ದನಿ ಹೊರಡದಂತೆ.

ಎರಡು ಗಂಟೆಯ ಮೇಲೆ ಡಾಕ್ಟರು ಬಂದು, ಮಗು ಉಳಿಯದು ಎಂದು ಹೇಳಿ ಹೋದರು. ಗುರುಗಳು ಬರುವಷ್ಟು ಹೊತ್ತಿರಲಿಲ್ಲ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಡಬಹುದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 1256ನೇ ಕಂಡಿಕೆಯಲ್ಲಿ ಹೇಳುತ್ತದೆ. ಅಜ್ಜಿಗೆ ಕಂಡಿಕೆ ಗೊತ್ತಿಲ್ಲ, ಕ್ರಮ ಗೊತ್ತಿತ್ತು. ಆದರೆ ಒಳಗೆ ಬಿಡುವುದು ತಾಯಿಯೊಬ್ಬಳನ್ನೇ. ನೀರು ಹಾಕುವವರೇ ಮಾತನ್ನೂ ಹೇಳಬೇಕು. ಒಬ್ಬರು ಹಾಕಿ ಇನ್ನೊಬ್ಬರು ಬಾಗಿಲಲ್ಲಿ ನಿಂತು ಹೇಳಿದರೆ ಆಗುವುದಿಲ್ಲ. ಹಾಗಾಗಿ ಅಜ್ಜಿ ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ಬಾಯಿಪಾಠ ಮಾಡಿಸಿದರು. ಮಗುವಿನ ಹೆಸರು ಮೊದಲು. ಆಮೇಲೆ, 'ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.' ಒಂದೊಂದು ನಾಮಕ್ಕೂ ಒಂದೊಂದು ಸಲ ನೀರು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಸಾಲದು, ಹನಿಯಾದರೂ ಚರ್ಮದ ಮೇಲೆ ಹರಿಯಬೇಕು. ನರ್ಸಮ್ಮ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿಕೊಟ್ಟರು. ತಣ್ಣೀರು ಅಷ್ಟು ಸಣ್ಣ ಮೈಗೆ ಆಗದು ಎಂದು ಅಜ್ಜಿ ಆ ಸಿರಿಂಜನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿದರು.

'ನಾನು ಹಾಕಿದ್ರ ನಡೀತೈತೇನು ಅಜ್ಜಿ?' ಎಂದಳಂತೆ ಆಕೆ.

'ಹೆತ್ತಾಕಿ ನೀನ ಹಾಕವ್ವ. ಒಮ್ಮೆ ಹೆತ್ತಿ, ಈಗ ಇನ್ನೊಮ್ಮೆ.'

ಟೋಪಿ ಒಂಚೂರು ಸರಿಸಿ ಹಣೆಯ ಮೇಲೆ ಮೂರು ಸಲ ಹಾಕಿದಳು. ಮಾತು ತಪ್ಪಲಿಲ್ಲ. ಬೆಳಕು ಹರಿಯುವ ಮೊದಲೇ ಮಗು ಹೋಯಿತು.

ನಾವು ಬೇಡಿದ್ದು ಇದಲ್ಲ. ಐದು ದಿನ ಕರುಣೆ ಕರುಣೆ ಎಂದು ಕೂಗಿದ್ದು ಆ ಮಗು ಮನೆಗೆ ಬರಲಿ ಎಂದು. ಶುಕ್ರವಾರದಿಂದ ಎಣಿಸಿದರೆ ಆರನೇ ದಿನ ಯಾವಾಗಲೂ ಬುಧವಾರವೇ, ಅಂದಿನ ಕೋರಿಕೆ ದೀನರಿಗಾಗಿ, ಎಳೆಯ ಮಕ್ಕಳ ಆತ್ಮಗಳಿಗಾಗಿ. ಆ ದಿನದ ಪ್ರಾರ್ಥನೆ ಓದಬೇಕಾದವರಿಗೆ ಗಂಟಲು ಬರಲಿಲ್ಲ. ಫೋನಿನಲ್ಲಿ ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಸಂಜೆ ಕೆಲವರು ಮಾಹಿಮ್‌ನ ಸಂತ ಮಿಕಾಯೇಲರ ದೇವಾಲಯಕ್ಕೆ ಹೋದರು. ಅಲ್ಲಿ 1948ರಿಂದ ಬುಧವಾರ ಬುಧವಾರ ನಿತ್ಯಾಧಾರ ಮಾತೆ ಮರಿಯಮ್ಮನವರ ನೊವೆನಾ ಪ್ರಾರ್ಥನೆ ನಡೆಯುತ್ತದೆ. ಆ ಮಾತೆಯ ಚಿತ್ರಪಟವನ್ನು ಹತ್ತಿರದಿಂದ ನೋಡಿ: ದೇವದೂತರು ಶಿಲುಬೆಯನ್ನೂ ಈಟಿಯನ್ನೂ ತೋರಿಸುತ್ತಿದ್ದಾರೆ, ಬೆದರಿದ ಕೂಸು ಯೇಸುವಿನ ಒಂದು ಕಾಲಿನ ಚಪ್ಪಲಿ ಬಾರಿನಲ್ಲಿ ನೇತಾಡುತ್ತಿದೆ, ಎರಡೂ ಕೈಯಲ್ಲಿ ತಾಯಿಯ ಕೈ ಹಿಡಿದಿದೆ. ಶಿಲುಬೆಯನ್ನು ತಡೆಯುವುದು ಆ ತಾಯಿಗೂ ಆಗಲಿಲ್ಲ.

1980ರಲ್ಲಿ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಗದ್ಗುರುಗಳು ಕರುಣೆಗೆ ಇರುವ ಹೀಬ್ರೂ ಮಾತೊಂದನ್ನು ಬಿಡಿಸಿ ಹೇಳಿದ್ದಾರೆ, ರಹಮೀಮ್ ಎಂದು. ಗರ್ಭ ಎಂಬರ್ಥದ ರೆಹೆಮ್ ಅದರ ಬೇರು. ಬೇರೆ ಭಾಷೆಯವರಿಗೆ ಇದನ್ನು ವಿವರಿಸಬೇಕಾದೀತು. ನಮ್ಮಲ್ಲಿ ಕರುಳು ಅಂದರೆ ಸಾಕು. ದೇವರಿಗೆ ಇರುವುದು ಹೆತ್ತ ಕರುಳು. ತಾಯಿ ತನ್ನ ಮೊಲೆಗೂಸನ್ನು ಮರೆತಾಳೇ ಎಂದು ಕೇಳುವ ಬೈಬಲಿನ ಯೆಶಾಯನ 49:15ರಲ್ಲೂ ಅದೇ ಬೇರಿನ ಮಾತಿದೆ. ಗುರುವಾರ, ಶುಕ್ರವಾರ ಆ ಮನೆಯಲ್ಲಿ ಹಾಲು ನಿಲ್ಲದೆ ಸುರಿಯುತ್ತಿತ್ತು. ಕುಡಿಯುವ ಕೂಸಿಲ್ಲ ಎಂದು ಎದೆಗೆ ಗೊತ್ತಾಗಲು ದಿನಗಳು ಬೇಕು. ಅಜ್ಜಿ ತಣ್ಣೀರ ಬಟ್ಟೆ ಇಟ್ಟರು, ಗಟ್ಟಿಯಾಗಿ ಕಟ್ಟಬೇಡಿ ಎಂದರು, ನೋವು ಮಿಕ್ಕಿದರೆ ಸ್ವಲ್ಪ ಮಾತ್ರ ಹಿಂಡಿ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ ಎಂದರು. ಆ ವಚನವನ್ನು ಯಾರೂ ಓದಿ ಹೇಳಬೇಕಾಗಲಿಲ್ಲ.

ಜ್ಞಾನಸ್ನಾನ ಪಡೆದ ಕೂಸಿನ ಅಂತ್ಯಕ್ರಿಯೆಗೆ ಗುರುಗಳು ಬಿಳಿ ವಸ್ತ್ರ ಧರಿಸಿ ಬಂದರು. ಅಲ್ಲಿ ಮಗುವಿನ ಪಾಪಕ್ಷಮೆಗೆ ಬೇಡುವುದಿಲ್ಲ, ಅದಕ್ಕೆ ಪಾಪವಿಲ್ಲ, ಬೇಡುವುದು ಹೆತ್ತವರಿಗಾಗಿ. ಆದ್ದರಿಂದ ಉಳಿದ ಮೂರು ದಿನ ನಮ್ಮ ಜಪವನ್ನೂ ಆ ತಾಯಿಗೇ ಇಟ್ಟೆವು. ನೋಡಲು ಹೋಗುವವರು 'ದೇವರಿಗೆ ಇನ್ನೊಬ್ಬ ದೇವದೂತ ಬೇಕಾಗಿದ್ದ' ಎನ್ನಬೇಡಿ. ಅದು ಸಾಂತ್ವನವೂ ಅಲ್ಲ, ನಮ್ಮ ವಿಶ್ವಾಸವೂ ಅಲ್ಲ. ಮನುಷ್ಯರು ಸತ್ತು ದೇವದೂತರಾಗುವುದಿಲ್ಲ. ಮಗುವಿನ ಹೆಸರು ಹಿಡಿದು ಮಾತಾಡಿ. ಆ ಹೆಸರು ಈಗ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿದೆ, ಕೊಟ್ಟವರು ಎನ್ನುವಲ್ಲಿ ತಾಯಿಯ ಹೆಸರಿದೆ.

ಅಜ್ಜಿಗೆ ಓದಲು ಬರುವುದಿಲ್ಲ. ಅವರ ಓಣಿಯಲ್ಲಿರುವವರು ಯಾರಾದರೂ ಇದನ್ನು ಓದಿ ಹೇಳಿ. ಮೂರು ಗಂಟೆಗೆ ಹೋಗಬೇಡಿ, ಜಪದಲ್ಲಿರುತ್ತಾರೆ.